ರೀಡ್ ಆರ್ಗನ್: ಪಾರ್ಲರಿನಿಂದ ಚಾವಡಿಗೆ

ತಿದಿಯಿಂದ ಒದಗುವ ಗಾಳಿಯು ಹಿತ್ತಾಳೆಯ ತೆಳುವಾದ ನಾಲಗೆಗಳನ್ನು ಹಾಯ್ದು ಹೋಗುವಾಗ ಹುಟ್ಟುವ ಕಂಪನದಿಂದಲೇ ನಾದವನ್ನು ಪಡೆಯುವ, ಕರಿ ಬಿಳಿ ಮನೆಗಳ ಸಾಲನ್ನು ಒತ್ತಿ ನುಡಿಸುವ ವಾದ್ಯಗಳ ಕುಲಕ್ಕೆ ರೀಡ್ ಆರ್ಗನ್ ಎಂಬ ಹೆಸರು ಸಲ್ಲುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಮಧ್ಯಮವರ್ಗದ ಮನೆಗಳಲ್ಲಿ ಅತಿಥಿಗಳನ್ನು ಕುಳ್ಳಿರಿಸುವ ಕೋಣೆಯನ್ನು ಅಲಂಕರಿಸಿದ್ದ, ಆಳೆತ್ತರಕ್ಕೂ ಮೀರಿದ, ಕೆತ್ತನೆಯ ಕುಸುರಿನಿಂದ ತುಂಬಿದ ಪಾರ್ಲರ್ ಆರ್ಗನ್ ಈ ಕುಲದಲ್ಲಿ ಅತ್ಯಂತ ವೈಭವದ್ದು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಭಜನಾಮಂದಿರಗಳಲ್ಲಿಯೂ ಯಕ್ಷಗಾನದ ಹಿಮ್ಮೇಳದಲ್ಲಿಯೂ ನೆಲದ ಮೇಲೆ ಅಥವಾ ಪದಗಾರನ ಪಕ್ಕದ ಮಣೆಯ ಮೇಲೆ ಇರುವ ಕೈಹಾರ್ಮೋನಿಯಂ ಅದೇ ಕುಲದ ಅತ್ಯಂತ ಸರಳವಾದ ರೂಪ. ಈ ಎರಡರ ನಡುವೆ, ನಾಟಕ ಕಂಪನಿಗಳ ದೀರ್ಘ ಆಯುಷ್ಯವನ್ನು ಹಂಚಿಕೊಂಡ ಕಾಲುಹಾರ್ಮೋನಿಯಂ ಎಂಬ ಮೂರನೆಯದೊಂದು ನಿಂತಿದೆ. ಅಲಂಕೃತವಾದ ಪಾರ್ಲರ್ ಆರ್ಗನ್ ಕನ್ನಡ ಕರಾವಳಿಯ ಮನೆಬಳಕೆಯ ವಾದ್ಯವಾಗಲಿಲ್ಲ. ಆದರೆ ಅದರ ಒಡಲೊಳಗಿನ ನಾಲಗೆಗಳು, ಮರದ ಸಿಂಗಾರವನ್ನೆಲ್ಲ ಕಳಚಿಕೊಂಡು ಈ ತೀರವನ್ನು ಸೇರಿದ ಮೇಲೆ, ತಮ್ಮ ನಿರ್ಮಾಪಕರು ಕನಸಿನಲ್ಲಿಯೂ ಎಣಿಸದಿದ್ದ ಕಾರ್ಯವೊಂದನ್ನು, ಎಂದರೆ ಶ್ರುತಿಯ ಕಾವಲನ್ನು, ವಹಿಸಿಕೊಂಡವು. ಈ ವಾದ್ಯದ ಚರಿತ್ರೆಯಲ್ಲಿ ನಮಗೆ ಮುಖ್ಯವಾದ ಸಂಗತಿ ಇದೇ.

ರೀಡಿನ ರಚನೆ ನೋಡುವುದಕ್ಕೆ ಅತಿ ಸುಲಭವಾದುದು. ಹಿತ್ತಾಳೆಯ ಒಂದು ಸಣ್ಣ ಪಟ್ಟಿಯಲ್ಲಿ ನೀಳವಾದ ಸೀಳನ್ನು ಕೊರೆದು, ಆ ಸೀಳಿಗಿಂತ ಕೂದಲೆಳೆಯಷ್ಟು ಕಿರಿದಾದ ಇನ್ನೊಂದು ತೆಳುವಾದ ಹಿತ್ತಾಳೆಯ ನಾಲಗೆಯನ್ನು ಒಂದು ತುದಿಯಲ್ಲಿ ಮಾತ್ರ ರಿವೆಟ್ ಮಾಡಿ ಕೂಡಿಸಿದರೆ ರೀಡು ಸಿದ್ಧವಾಯಿತು. ಗಾಳಿಯ ಒತ್ತಡ ಬಿದ್ದೊಡನೆ ನಾಲಗೆಯು ಸೀಳಿನೊಳಕ್ಕೆ ಬಾಗಿ, ತನ್ನ ಸ್ಥಿತಿಸ್ಥಾಪಕತ್ವದಿಂದ ಹಿಂದಿರುಗಿ, ಪುನಃ ಬಾಗಿ, ಎಲ್ಲಿಯೂ ಅಂಚನ್ನು ತಾಗದೆ ಅತ್ತಿತ್ತ ಓಲಾಡುವುದರಿಂದ ಇದನ್ನು ಮುಕ್ತ ನಾಲಗೆಯೆಂದು ಕರೆಯುವುದು ವಾಡಿಕೆ. ಹಾವಾಡಿಗರ ಪುಂಗಿಯಲ್ಲಿಯೂ ನಾಲಗೆ ಉಂಟು. ಆದರೆ ಅಲ್ಲಿ ಅದು ಕೊಳವೆಯ ಅಂಚಿಗೆ ಬಡಿದು ಬಡಿದು ದ್ವಾರವನ್ನು ಮುಚ್ಚಿ ತೆರೆಯುವುದಾದ್ದರಿಂದ ನಾದದ ಸ್ಥಾಯಿ ಕೊಳವೆಯ ಉದ್ದಕ್ಕೆ ಅಧೀನ. ಮುಕ್ತ ನಾಲಗೆಗಾದರೋ ಕೊಳವೆಯ ಹಂಗಿಲ್ಲ. ಅದರ ಸ್ವರವನ್ನು ಅದರ ಸ್ವಂತದ ಉದ್ದ, ದಪ್ಪ, ತೂಕಗಳೇ ನಿಶ್ಚಯಿಸುತ್ತವೆ. ತುದಿಯನ್ನು ಅರದಿಂದ ಒಂದಿಷ್ಟು ತಿಕ್ಕಿದರೆ ನಾಲಗೆ ಹಗುರವಾಗಿ ಸ್ವರ ಏರುತ್ತದೆ. ಬುಡವನ್ನು ತಿಕ್ಕಿದರೆ ಬಿಗಿ ಸಡಿಲವಾಗಿ ಸ್ವರ ಇಳಿಯುತ್ತದೆ. ಒಂದು ಅಂಗೈಯೊಳಗೆ ಹಿಡಿಸುವ ಲೋಹದ ತುಣುಕು, ಎಂಟು ಅಡಿ ಉದ್ದದ ಪೈಪಿನಿಂದ ಮಾತ್ರ ಬರಬಹುದಾದ ಮಂದ್ರಸ್ವರವನ್ನು ಕೊಡಬಲ್ಲುದೆಂಬ ಈ ಗುಣವೇ ಈ ವಾದ್ಯಕುಲದ ಹುಟ್ಟಿಗೂ ಹರವಿಗೂ ಮೂಲಕಾರಣ.

ಮುಕ್ತ ನಾಲಗೆಯನ್ನು ಪೂರ್ವದೇಶಗಳು ಬಹು ಹಿಂದಿನಿಂದ ಬಲ್ಲವು. ಸೋರೆಯ ಬುರುಡೆಯಲ್ಲಿ ಬಿದಿರಿನ ಕೊಳವೆಗಳನ್ನು ನೆಟ್ಟು ಊದುವ ಚೀನದ ಷೆಂಗ್ ಎಂಬ ವಾದ್ಯ ಈ ತತ್ತ್ವದ ಮೇಲೆಯೇ ನಿಂತುದು. ಯೂರೋಪಿನಲ್ಲಿ, ಮನುಷ್ಯಕಂಠದ ಸ್ವರಾಕ್ಷರಗಳನ್ನು ಯಂತ್ರದಿಂದ ಹೊರಡಿಸುವವರಿಗೆ ಸೇಂಟ್ ಪೀಟರ್ಸ್‌ಬರ್ಗಿನ ವಿಜ್ಞಾನ ಅಕಾಡೆಮಿ ಸಾರಿದ್ದ ಬಹುಮಾನವನ್ನು 1780ರ ಸುಮಾರಿಗೆ ಗೆದ್ದ ಕೋಪನ್‌ಹೇಗನ್ನಿನ ವಿದ್ವಾಂಸ ಕ್ರಾಟ್ಸೆನ್‌ಸ್ಟೈನ್, ತನ್ನ ಕೊಳವೆಗಳಲ್ಲಿ ಮುಕ್ತ ನಾಲಗೆಗಳನ್ನು ಬಳಸಿದ್ದನು. ಅಲ್ಲಿಂದ ಮುಂದೆ ಅರ್ಧ ಶತಮಾನಕ್ಕೂ ಮಿಕ್ಕ ಕಾಲ ಕುಶಲಕರ್ಮಿಗಳು ಒಬ್ಬರಾದ ಮೇಲೊಬ್ಬರು ಈ ನಾಲಗೆಯ ಬೆನ್ನು ಹತ್ತಿದರು. ಪ್ಯಾರಿಸಿನ ಗ್ರೆನಿಯೆ 1810ರಲ್ಲಿ ಗಾಳಿಯ ಒತ್ತಡವನ್ನು ಹೆಚ್ಚುಕಡಿಮೆ ಮಾಡಿ ನಾದವನ್ನು ಉಬ್ಬಿಸಿ ತಗ್ಗಿಸಬಲ್ಲ ಆರ್ಗನ್ನನ್ನು ತೋರಿಸಿದನು. ವಿಯೆನ್ನಾದ ಹೆಕಲ್ 1818ರಲ್ಲಿ ಫಿಸ್‌ಹಾರ್ಮೋನಿಕ ಎಂಬ ಪುಟ್ಟ ವಾದ್ಯವನ್ನು ರಚಿಸಿದನು. ಕೊನೆಗೆ 1840ರಲ್ಲಿ ಪ್ಯಾರಿಸಿನ ಅಲೆಕ್ಸಾಂದ್ರ್ ದೆಬೆಂ ಎಂಬವನು ಪೇಟೆಂಟು ಪಡೆದ ಹಾರ್ಮೋನಿಯಂ, ಹೆಸರಿನಲ್ಲಿಯೂ ರೂಪದಲ್ಲಿಯೂ ಈ ಪರಂಪರೆಯನ್ನು ನೆಲೆಗೊಳಿಸಿತು. ಪೈಪ್ ಆರ್ಗನ್ನಿನ ವೆಚ್ಚವನ್ನು ಹೊರಲಾರದ ಸಣ್ಣ ಇಗರ್ಜಿಗಳಿಗೆ ಇದು ವರದಾನವಾಯಿತಲ್ಲದೆ, ಪ್ರತಿಭಾವಂತರಾದ ರಚನಕಾರರೂ ಇದನ್ನು ಕೀಳೆಂದು ಭಾವಿಸಲಿಲ್ಲ. 1864ರಲ್ಲಿ ಪ್ರಥಮ ಪ್ರಯೋಗ ಕಂಡ ರೊಸ್ಸಿನಿಯ ಪೂಜಾಸಂಗೀತ, ಡ್ವೊರ್ಷಾಕ್ 1878ರಲ್ಲಿ ಬರೆದ ಬಗಟೆಲ್‌ಗಳು, ಎರಡರಲ್ಲಿಯೂ ಹಾರ್ಮೋನಿಯಮ್ಮಿಗೆ ಗೌರವದ ಪಾತ್ರವುಂಟು.

ಅಟ್ಲಾಂಟಿಕ್ ಸಾಗರದ ಆಚೆಗೆ ಈ ವಾದ್ಯ ಬೇರೊಂದು ದಾರಿಯನ್ನು ಹಿಡಿಯಿತು. ಯೂರೋಪಿನ ಹಾರ್ಮೋನಿಯಂ ಗಾಳಿಯನ್ನು ತಿದಿಯೊಳಗೆ ತುಂಬಿ ನಾಲಗೆಗಳ ಮೂಲಕ ಹೊರಕ್ಕೆ ದೂಡಿದರೆ, ಜೆರಮಿಯ ಕಾರ್ಹಾರ್ಟ್ 1846ರಲ್ಲಿ ಪೇಟೆಂಟು ಪಡೆದ ಕ್ರಮದಲ್ಲಿ ಕಾಲಿನ ತಿದಿಗಳು ಪೆಟ್ಟಿಗೆಯ ಒಳಗಿನ ಗಾಳಿಯನ್ನು ಹೊರಗೆ ಚೆಲ್ಲಿ, ಹೊರಗಿನ ಗಾಳಿ ನಾಲಗೆಗಳ ಮೂಲಕ ಒಳಕ್ಕೆ ಹೀರಲ್ಪಡುತ್ತದೆ. ವ್ಯತ್ಯಾಸ ಅಲ್ಪವೆಂದು ತೋರಿದರೂ ನಾದದ ಮೇಲೆ ಅದರ ಪರಿಣಾಮ ಅಲ್ಪವಲ್ಲ: ಒತ್ತುಗಾಳಿಯ ವಾದ್ಯದ ಧ್ವನಿ ಚುರುಕು, ತೀಕ್ಷ್ಣ, ಹೀರುಗಾಳಿಯದು ದುಂಡು, ಮೃದು. ಇದೇ ದಶಕದ ಕೊನೆಯಲ್ಲಿ ಎಮನ್ಸ್ ಹ್ಯಾಮ್ಲಿನ್ ಎಂಬ ಕೆಲಸಗಾರನು ನಾಲಗೆಯ ತುದಿಯನ್ನು ತುಸು ತಿರುಚಿ ಬಾಗಿಸಿದರೆ ಅದರ ಕರ್ಕಶತೆ ಅಡಗಿ ಬೇರೆ ಬೇರೆ ಬಣ್ಣದ ನಾದಗಳು ಹೊರಡುವುವೆಂಬುದನ್ನು ಕಂಡುಕೊಂಡನು. ಪ್ರಾರ್ಥನಾಗೀತಗಳ ಪ್ರಸಿದ್ಧ ರಚನಕಾರ ಲೋವೆಲ್ ಮೇಸನ್ನನ ಮಗನಾದ ಹೆನ್ರಿ ಮೇಸನ್ನನೊಡನೆ ಸೇರಿ ಅವನು 1854ರಲ್ಲಿ ಬಾಸ್ಟನ್ನಿನಲ್ಲಿ ಸ್ಥಾಪಿಸಿದ ಮೇಸನ್ ಅಂಡ್ ಹ್ಯಾಮ್ಲಿನ್ ಸಂಸ್ಥೆಯ ವಾದ್ಯಗಳು 1867ರ ಪ್ಯಾರಿಸ್ ಪ್ರದರ್ಶನದಲ್ಲಿ ಪದಕವನ್ನು ಗಳಿಸಿದವು. ವರ್ಮಾಂಟ್ ಸಂಸ್ಥಾನದ ಬ್ರ್ಯಾಟಲ್‌ಬರೋ ಎಂಬ ಸಣ್ಣ ಊರಿನಲ್ಲಿ ಜೇಕಬ್ ಎಸ್ಟಿ ಬೆಳೆಸಿದ ಕಾರ್ಖಾನೆಯೊಂದೇ ಒಂದು ಶತಮಾನದ ಅವಧಿಯಲ್ಲಿ ಐದು ಲಕ್ಷಕ್ಕೂ ಹೆಚ್ಚು ರೀಡ್ ಆರ್ಗನ್ನುಗಳನ್ನು ಕಟ್ಟಿತೆಂದರೆ ಈ ಉದ್ಯಮದ ಗಾತ್ರ ಊಹೆಗೆ ನಿಲುಕೀತು.

ಪಾರ್ಲರ್ ಆರ್ಗನ್ನಿನ ಮರಗೆಲಸವನ್ನು ಕುರಿತು ಸ್ವಲ್ಪ ನಿಂತು ಹೇಳುವುದು ಅವಶ್ಯ. ಏಕೆಂದರೆ ಅಂದಿನ ಕೊಳ್ಳುವವರು ಕಿವಿಯಷ್ಟೇ ಕಣ್ಣನ್ನೂ ನಂಬಿ ಇದನ್ನು ಮನೆಗೆ ತಂದರು. 1870ರಿಂದ 1900ರವರೆಗಿನ ಮಾದರಿಗಳಲ್ಲಿ ಅಕ್ರೋಟು ಅಥವಾ ಓಕ್ ಮರದ ಒಡಲು, ಅದರ ಮೇಲೆ ಮತ್ತೊಂದು ಮಹಡಿಯಂತೆ ಏರುವ ಶಿಖರಭಾಗ, ಶಿಖರದ ನಡುವೆ ಅಂಚನ್ನು ಓರೆಯಾಗಿ ಉಜ್ಜಿದ ಕನ್ನಡಿ, ಕನ್ನಡಿಯ ಇಕ್ಕೆಲಗಳಲ್ಲಿ ಕಡಸಲು ಹಿಡಿದ ಸಪೂರ ಕಂಬಗಳು, ಹೂದಾನಿ ಭಾವಚಿತ್ರಗಳನ್ನಿಡಲು ಪುಟ್ಟ ಪುಟ್ಟ ಗೂಡುಗಳು, ಮನೆಗಳ ಎರಡು ತುದಿಗಳಲ್ಲಿಯೂ ದೀಪವನ್ನಿಡುವ ದುಂಡನೆಯ ಪೀಠಗಳು ಕಾಣಬರುತ್ತವೆ. ಸ್ವರಲಿಪಿಯ ಹಾಳೆಗಳನ್ನಿಡುವ ಫಲಕವನ್ನು ಬಳ್ಳಿಯಾಕಾರವಾಗಿ ಗರಗಸದಿಂದ ಕೊರೆದು, ಅದರ ಹಿಂದೆ ಬಣ್ಣದ ಬಟ್ಟೆಯನ್ನು ಬಿಗಿಯುತ್ತಿದ್ದರು. ಬಟ್ಟೆಯ ಮೂಲಕ ನಾದವೂ ಹೊರಬರುತ್ತಿತ್ತು, ಧೂಳಿಗೂ ತಡೆಯಾಗುತ್ತಿತ್ತು. ಯಂತ್ರದ ಗರಗಸವೂ ಕಡಸಲೂ ಅಗ್ಗವಾಗಿ ದೊರೆತ ಕಾಲವಾದ್ದರಿಂದ ಈ ಅಲಂಕರಣದ ಬಹುಭಾಗ ಕಾರ್ಖಾನೆಯ ಕೈವಾಡವೇ ಹೊರತು ಶಿಲ್ಪಿಯ ಉಳಿಯದಲ್ಲವೆಂದು ವಿಮರ್ಶಕರು ಆಕ್ಷೇಪಿಸುವುದುಂಟು. ಆ ಆಕ್ಷೇಪ ನಿಜ. ಆದರೂ ಕಂಬದ ಕಂಠದಲ್ಲಿ, ಗೂಡಿನ ಕಟಾಂಜನದಲ್ಲಿ, ಕಾಲಿನ ಪೆಡಲುಗಳ ಮೇಲೆ ಹಾಸಿದ ನೆಲಹಾಸಿನ ತುಂಡಿನ ಹೂವಿನಲ್ಲಿ ಸಹ ತೋರುವ ಆ ತೀರದ ಶ್ರದ್ಧೆಯನ್ನು ಕಂಡವರಿಗೆ, ಸಂಗೀತವು ಮನೆಯೊಳಗೆ ನೆಲಸಬೇಕಾದರೆ ಅದಕ್ಕೊಂದು ಗುಡಿಯನ್ನೇ ಕಟ್ಟಬೇಕೆಂದು ಆ ಜನ ಭಾವಿಸಿದ್ದರೆಂಬುದು ಮನವರಿಕೆಯಾಗದಿರದು.

ಒಳಗಿನ ವ್ಯವಸ್ಥೆಯೂ ಅಷ್ಟೇ ಸ್ವಾರಸ್ಯಕರ. ಸಾಮಾನ್ಯವಾಗಿ ಐದು ಸಪ್ತಕಗಳ 61 ಮನೆಗಳು. ಅವುಗಳ ಮೇಲುಭಾಗದಲ್ಲಿ ಒಂದು ಸಾಲಾಗಿ ಹೊರಕ್ಕೆ ಎಳೆಯುವ ಗುಂಡಿಗಳು. ಡಯಾಪೇಸನ್, ಮೆಲೋಡಿಯ, ಡಲ್ಸಿಯಾನ, ವಯೋಲ, ಸೆಲೆಸ್ಟ್ ಎಂದು ಗುಂಡಿಯ ಬಿಳಿಯ ಮುಖದ ಮೇಲೆ ಹೆಸರುಗಳನ್ನು ಬರೆದಿರುತ್ತಿದ್ದರು. ಒಂದೊಂದು ಗುಂಡಿಯೂ ಒಂದೊಂದು ನಾಲಗೆಸಾಲಿನ ಬಾಗಿಲನ್ನು ತೆರೆಯುತ್ತದೆ. ನಾಲಗೆಸಾಲುಗಳು ಮನೆಗಳ ಸಾಲಿನ ಮಧ್ಯಭಾಗದಲ್ಲಿ ಎರಡಾಗಿ ವಿಭಾಗವಾಗಿರುವುದರಿಂದ ಎಡಗೈಗೆ ಒಂದು ಬಣ್ಣ, ಬಲಗೈಗೆ ಮತ್ತೊಂದು ಬಣ್ಣವನ್ನು ಆರಿಸಿಕೊಳ್ಳಬಹುದು. ಕಪ್ಲರ್ ಎಂಬುದನ್ನು ಎಳೆದರೆ ಒಂದು ಮನೆಯನ್ನು ಒತ್ತಿದಾಗ ಅದರ ಸಪ್ತಕದ ಜೊತೆಗಾರ ಮನೆಯೂ ತಾನಾಗಿ ತಗ್ಗುತ್ತದೆ. ವಾಕ್ಸ್ ಹ್ಯುಮಾನ ಎಂಬ ಗುಂಡಿಗೆ ಪ್ರತ್ಯೇಕ ನಾಲಗೆಗಳೇ ಇಲ್ಲ. ಅದು ಗಾಳಿಯಿಂದಲೇ ತಿರುಗುವ ಪುಟ್ಟದೊಂದು ಬೀಸಣಿಗೆಯನ್ನು ನಾಲಗೆಸಾಲಿನ ಬಾಯಿಯ ಮುಂದೆ ಸುತ್ತಿಸಿ ನಾದಕ್ಕೆ ನಡುಕವನ್ನು ಕೊಡುತ್ತದೆ. ಮೊಣಕಾಲಿನಿಂದ ಪಕ್ಕಕ್ಕೆ ದೂಡುವ ಎರಡು ಹಲಗೆಗಳಲ್ಲಿ ಒಂದು ನಾದವನ್ನು ಕ್ರಮವಾಗಿ ಉಬ್ಬಿಸುವುದು, ಇನ್ನೊಂದು ಎಲ್ಲ ಸಾಲುಗಳನ್ನೂ ಒಮ್ಮೆಲೆ ತೆರೆಯುವುದು. ಗುಂಡಿಗಳ ಸಂಖ್ಯೆಯೇ ವಾದ್ಯದ ಹಿರಿಮೆಯೆಂಬ ಭ್ರಮೆಯನ್ನು ಜಾಹೀರಾತುಗಳು ಬಿತ್ತಿದ್ದರಿಂದ, ಇಪ್ಪತ್ತಕ್ಕೂ ಮೀರಿದ ಗುಂಡಿಗಳನ್ನು ಜೋಡಿಸಿ, ಅವುಗಳಲ್ಲಿ ಹಲವಕ್ಕೆ ಹೇಳಿಕೊಳ್ಳುವ ಕೆಲಸವೇ ಇಲ್ಲದಂತೆ ಕಟ್ಟಿದ ವಾದ್ಯಗಳೂ ಮಾರಾಟವಾದವು. ಕೊಳ್ಳುವವರು ಗುಂಡಿಗಳನ್ನಲ್ಲ, ಒಳಗಿರುವ ನಾಲಗೆಸಾಲುಗಳನ್ನು ಎಣಿಸತಕ್ಕುದು.

ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಪಿಯಾನೊ ಅಗ್ಗವಾಗಿ, ಗ್ರಾಮೊಫೋನ್ ಮನೆಮನೆಗೂ ಬಂದುದರಿಂದ ಪಾರ್ಲರ್ ಆರ್ಗನ್ನಿನ ಕಾಲ ಮುಗಿಯಿತು. ಜಪಾನಿನಲ್ಲಿ ಮಾತ್ರ ಅದು ಮತ್ತೊಂದು ಮಹಾವೃಕ್ಷದ ಬೀಜವಾಯಿತು: ಹಮಾಮತ್ಸು ನಗರದ ಶಾಲೆಯೊಂದರ ಕೆಟ್ಟ ರೀಡ್ ಆರ್ಗನ್ನನ್ನು 1887ರಲ್ಲಿ ದುರಸ್ತು ಮಾಡಿದ ತೊರಾಕುಸು ಯಮಾಹ, ಅದನ್ನು ನೋಡಿಯೇ ತಾನೂ ಒಂದನ್ನು ಕಟ್ಟಿ, ಇಂದು ಜಗದ್ವಿಖ್ಯಾತವಾಗಿರುವ ವಾದ್ಯೋದ್ಯಮಕ್ಕೆ ಅಡಿಗಲ್ಲನ್ನಿಟ್ಟನು.

ಭಾರತಕ್ಕೆ ಈ ಕುಲದ ವಾದ್ಯಗಳು ಬಂದದ್ದು ಯೂರೋಪಿಯನ್ ಅಧಿಕಾರಿಗಳ ಮನೆಗಳಿಗೆ, ಮಿಶನರಿಗಳ ಪ್ರಾರ್ಥನಾಮಂದಿರಗಳಿಗೆ, ಅನಂತರ ಕಲಕತ್ತೆ ಮುಂಬಯಿಗಳ ಶ್ರೀಮಂತರ ದಿವಾನಖಾನೆಗಳಿಗೆ. ನಮ್ಮ ಕರಾವಳಿಯಲ್ಲಿ ಕ್ರೈಸ್ತ ಪೂಜಾಸಂಗೀತಕ್ಕೆ ಸುದೀರ್ಘವಾದ ಇತಿಹಾಸವಿದೆ. ಕುಂದಾಪುರದ ಹೋಲಿ ರೋಸರಿ ಇಗರ್ಜಿ 1570ರಷ್ಟು ಹಿಂದಿನದು. ಬ್ರಹ್ಮಾವರದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಲ್ವಾರಿಸ್ ಮಾರ್ ಜೂಲಿಯಸ್ ಹಾಗೂ ನೊರೊನ್ಹ ಪಾದ್ರಿಗಳ ನೇತೃತ್ವದಲ್ಲಿ ರೂಪುಗೊಂಡ ಕೊಂಕಣಿ ಮಾತಿನ ಸಿರಿಯನ್ ಆರ್ಥೊಡಾಕ್ಸ್ ಸಮುದಾಯ ಭಾರತದಲ್ಲಿಯೇ ವಿಶಿಷ್ಟವಾದುದು. 1834ರಲ್ಲಿ ಮಂಗಳೂರಿಗೆ ಬಂದಿಳಿದು, 1854ರಲ್ಲಿ ಉಡುಪಿಯಲ್ಲಿ ನೆಲೆಯೂರಿದ ಬಾಸೆಲ್ ಮಿಶನ್ನಿನವರಾದರೋ ಸಮೂಹಗಾನವನ್ನೇ ಆರಾಧನೆಯ ಪ್ರಾಣವೆಂದು ಬಗೆದವರು. ಮೋಗ್ಲಿಂಗ್, ವೈಗಲ್, ಕಿಟ್ಟೆಲ್ ಮೊದಲಾದವರು ಜರ್ಮನಿಯ ಕೋರಾಲ್ ಧಾಟಿಗಳಿಗೆ ಹೊಂದುವ ಕನ್ನಡ ಗೀತಗಳನ್ನು ರಚಿಸಿದರು. ನಾಲ್ಕು ಕಂಠಗಳು ನಾಲ್ಕು ಸ್ವರಪಂಕ್ತಿಗಳಲ್ಲಿ ಒಟ್ಟಿಗೆ ಸಾಗುವ ಆ ಗಾಯನಕ್ರಮವನ್ನು ಅದುವರೆಗೆ ಕೇಳದಿದ್ದ ಸಭೆಗೆ ದಾರಿ ತೋರಿಸಲು ಎರಡು ಕೈಗಳಿಂದ ನುಡಿಸುವ, ಕಾಲಿನಿಂದ ಗಾಳಿ ಹೊಡೆಯುವ ವಾದ್ಯದಷ್ಟು ಅನುಕೂಲವಾದುದು ಬೇರೊಂದಿರಲಿಲ್ಲ. ಪೆಟ್ಟಿಗೆಯಂತೆ ಮಡಚಿ ಎತ್ತಿನ ಗಾಡಿಯಲ್ಲಿಯೂ ದೋಣಿಯಲ್ಲಿಯೂ ಸಾಗಿಸಬಹುದಾದ ಸಂಚಾರಿ ಮಾದರಿಗಳನ್ನೂ, ಅಂಟನ್ನು ನೆಚ್ಚದೆ ಸ್ಕ್ರೂಗಳಿಂದ ಬಿಗಿದ ತೇಗದ ಮರದ ಉಷ್ಣದೇಶದ ಮಾದರಿಗಳನ್ನೂ ನಿರ್ಮಾಪಕರು ಇಂಥ ದೇಶಗಳಿಗೆಂದೇ ಮಾಡುತ್ತಿದ್ದರು.

ಆದರೆ ಭಾರತೀಯನು ಸಂಗೀತಕ್ಕೆ ಕುಳಿತುಕೊಳ್ಳುವುದು ಚಾಪೆ ಜಮಖಾನೆಗಳ ಮೇಲೆ. ಕುರ್ಚಿಯನ್ನು ಬೇಡುವ, ಎರಡು ಕಾಲುಗಳನ್ನೂ ಎರಡು ಕೈಗಳನ್ನೂ ಬೇಡುವ ವಾದ್ಯ ಅವನ ಗೋಷ್ಠಿಗೆ ಒಗ್ಗುವಂತಿರಲಿಲ್ಲ. 1875ರಲ್ಲಿ ಕಲಕತ್ತೆಯಲ್ಲಿ ಸ್ಥಾಪಿತವಾದ ದ್ವಾರಕಿನ್ ಸಂಸ್ಥೆಯ ದ್ವಾರಕಾನಾಥ ಘೋಷರು ಕಾಲಿನ ತಿದಿಯನ್ನು ಕಿತ್ತು, ವಾದ್ಯದ ಬೆನ್ನಿಗೆ ಎಡಗೈಯಿಂದ ಒತ್ತುವ ತಿದಿಯನ್ನು ಜೋಡಿಸಿ, ಒಡಲನ್ನು ಮೊಳದುದ್ದಕ್ಕೆ ಇಳಿಸಿ ಕೈಹಾರ್ಮೋನಿಯಮ್ಮನ್ನು ಪ್ರಚುರಪಡಿಸಿದರು. ಭಾರತೀಯ ಸಂಗೀತದಲ್ಲಿ ಸ್ವರಮೇಳವಿಲ್ಲ, ರಾಗದ ಏಕಪಂಕ್ತಿಯುಂಟು. ಆದ್ದರಿಂದ ಒಂದೇ ಕೈ ಸಾಕು. ಷಡ್ಜ ಪಂಚಮಗಳನ್ನು ಬಿಡದೆ ನುಡಿಯುವ ಒತ್ತಿನ ಗುಂಡಿಗಳನ್ನು ಇದಕ್ಕೆ ಸೇರಿಸಿದ್ದು ಅಪ್ಪಟ ಭಾರತೀಯ ಪ್ರತಿಭೆ. ಕನ್ನಡಿ, ಕಂಬ, ದೀಪಪೀಠ ಎಲ್ಲವೂ ಕಳಚಿಹೋದವು; ಹಾಗೆ ಕಳಚಿದ್ದರಿಂದಲೇ ಅದು ಬಡವನ ಮನೆಯನ್ನೂ ಹಳ್ಳಿಯ ಗುಡಿಯನ್ನೂ ಹೊಕ್ಕಿತು. ಈ ಪರಿವರ್ತನೆಯನ್ನು ಪಾರ್ಲರ್ ಆರ್ಗನ್ನಿನ ಅವನತಿಯೆಂದು ಬಗೆಯುವವರ ಅಭಿಪ್ರಾಯ ಸಮ್ಮತವಲ್ಲ. ಅದರ ಚರಿತ್ರೆಯಲ್ಲಿ ಇದಕ್ಕಿಂತ ಫಲಪ್ರದವಾದ ಘಟ್ಟ ಇನ್ನೊಂದಿಲ್ಲ.

ಕಾಲಿನ ತಿದಿ ಪೂರ್ತಿ ಮಾಯವಾಗಲಿಲ್ಲ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಸಾವಿರ ಜನರ ಥಿಯೇಟರಿನ ಕೊನೆಯ ಬೆಂಚಿಗೆ ಕೇಳಿಸುವಂಥ ನಾದ ಬೇಕಾಗಿದ್ದ ನಾಟಕ ಕಂಪನಿಗಳು ಅದನ್ನು ಕೈಬಿಡಲಿಲ್ಲ. ಮರಾಠಿಯ ಕಿರ್ಲೋಸ್ಕರ ಮಂಡಳಿಯ ಸಂಗೀತ ನಾಟಕ 1880ರಲ್ಲಿ ಆರಂಭವಾಗಿ, ಮುಂದೆ ಬಾಲಗಂಧರ್ವರ ಕಾಲದಲ್ಲಿ ಆರ್ಗನ್ನಿನ ನಾದ ರಂಗಗೀತೆಯ ಅವಿಭಾಜ್ಯ ಅಂಗವಾಯಿತು. ಕನ್ನಡದಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಮೊದಲಾಗಿ, ಹಲಗೇರಿ, ಕೊಣ್ಣೂರು ಕಂಪನಿಗಳೂ ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ಮಂಡಳಿಯೂ ಮೆರೆದ ಕಾಲದಲ್ಲಿ, ರಂಗದ ಮುಂದಿನ ತಗ್ಗಿನಲ್ಲಿ ಕಾಲುಹಾರ್ಮೋನಿಯಮ್ಮಿನ ಮುಂದೆ ಕುಳಿತ ಪೇಟಿ ಮಾಸ್ತರನೇ ನಾಟಕದ ಸೂತ್ರವನ್ನು ಹಿಡಿದವನು. ನಟನು ಮಾತು ಮುಗಿಸುವ ಮೊದಲೇ ಅವನ ಶ್ರುತಿಯನ್ನು ಹಿಡಿದುಕೊಡುವುದು, ಕಂದ ಮುಗಿದೊಡನೆ ಹಾಡಿನ ಎತ್ತುಗಡೆಗೆ ಒಯ್ಯುವುದು, ಪ್ರೇಕ್ಷಕರ ‘ಒನ್ಸ್ ಮೋರ್’ ಬಂದರೆ ದಣಿದ ನಟನ ಕಂಠವನ್ನು ಎರಡು ಸಪ್ತಕಗಳ ಜೋಡಿ ನಾದದಿಂದ ಮರೆಮಾಡುವುದು, ಎಲ್ಲ ಅವನದೇ ಹೊಣೆ. ಈ ನಡುವೆ ಅವನ ಪಾದಗಳು ರಾತ್ರಿಯಿಡೀ ಒಂದಾದ ಮೇಲೊಂದು ಪೆಡಲನ್ನು ತುಳಿಯುತ್ತಲೇ ಇರಬೇಕು. ಆ ವಿದ್ಯೆಯ ಕೊನೆಯ ಮಹನೀಯರಲ್ಲೊಬ್ಬರಾದ ಆರ್. ಪರಮಶಿವನ್ ಅವರು ಕಾಲುಹಾರ್ಮೋನಿಯಂ ನುಡಿಸುತ್ತಲೇ ಹಾಡಿ ಕಂಪನಿ ನಾಟಕಗಳ ಮಟ್ಟುಗಳನ್ನು ನಮ್ಮ ಕಾಲಕ್ಕೆ ದಾಟಿಸಿದರು. ಗುಬ್ಬಿ ಕಂಪನಿಯಲ್ಲಿ ಬಾಲನಟರಾಗಿ ಬೆಳೆದ, ದಕ್ಷಿಣ ಕನ್ನಡದ ಮಂಚಿಯವರಾದ ಬಿ. ವಿ. ಕಾರಂತರ ರಂಗಸಂಗೀತದ ಬೇರುಗಳನ್ನೂ ಈ ನಾದದಲ್ಲಿಯೇ ಅರಸಬೇಕು. ಬೆಳಗಾವಿಯ ಕಡೆ ರಾಮಭಾವು ಬಿಜಾಪುರೆಯವರಂಥ ವಾದಕರು ಹಾರ್ಮೋನಿಯಮ್ಮನ್ನು ಪಕ್ಕವಾದ್ಯದ ಸ್ಥಾನದಿಂದ ಏಕವಾದ್ಯದ ಗೌರವಕ್ಕೆ ಏರಿಸಿದ ಕಥೆ ಪ್ರತ್ಯೇಕ ವಿವೇಚನೆಗೆ ಅರ್ಹವಾದುದು.

ಕುಂದಾಪುರದ ಸೀಮೆಯಲ್ಲಿ ಈ ವಾದ್ಯ ಪಡೆದ ಸ್ಥಾನವೇ ಬೇರೆ. ಗಂಗೊಳ್ಳಿ, ಬಸರೂರು, ಕುಂದಾಪುರಗಳ ಗೌಡ ಸಾರಸ್ವತರ ಭಜನಾ ಸಪ್ತಾಹದಲ್ಲಿ, ಮೊಗವೀರರ ಭಜನಾಮಂದಿರಗಳ ವಾರದ ಭಜನೆಯಲ್ಲಿ, ಶಾಲೆಯ ಪ್ರಾರ್ಥನೆಯಲ್ಲಿ ಅದು ಎಲ್ಲೆಡೆಯಂತೆಯೇ ಹಾಡನ್ನು ಹಿಂಬಾಲಿಸುತ್ತದೆ. ಯಕ್ಷಗಾನದಲ್ಲಿ ಹಾಗಲ್ಲ. ಬಡಗುತಿಟ್ಟಿನ ಹಿಮ್ಮೇಳದಲ್ಲಿ ಹಿಂದೆ ಶ್ರುತಿಗೆ ಪುಂಗಿಯನ್ನು ಊದುತ್ತಿದ್ದರು. ಉಸಿರು ಕಡಿಯದಂತೆ ರಾತ್ರಿಯಿಡೀ ಊದುವ ಆ ಕಷ್ಟದ ಕಾಯಕವನ್ನು ಹಾರ್ಮೋನಿಯಂ ತನ್ನ ತಿದಿಗೆ ವಹಿಸಿಕೊಂಡಿತು. ಆದರೆ ಭಾಗವತನ ಪದವನ್ನು ಅದು ಅನುಸರಿಸಿ ನುಡಿಯುವುದಿಲ್ಲ. ಒಂದೆರಡು ಮನೆಗಳನ್ನು ಒತ್ತಿಹಿಡಿದು, ಸಂಜೆಯಿಂದ ಮಂಗಳದವರೆಗೆ ಅದೇ ಆಧಾರಸ್ವರವನ್ನು ಹರಿಸುತ್ತ ಕುಳಿತಿರುವುದಷ್ಟೇ ಅದರ ಧರ್ಮ. ಅರುವತ್ತೊಂದು ಮನೆಗಳಿಂದ ಇಗರ್ಜಿಯನ್ನು ತುಂಬುವಂತೆ ಕಲ್ಪಿತವಾದ ವಾದ್ಯಕುಲವೊಂದನ್ನು ಒಂದೆರಡು ಮನೆಗಳಿಗೆ ಇಳಿಸಿ, ಅದರಿಂದಲೇ ಸಾರ್ಥಕವಾದ ಕೆಲಸವನ್ನು ಪಡೆದ ಕಲಾವಿದರ ವಿವೇಕ ಸಾಮಾನ್ಯವಾದುದಲ್ಲ. ಪದದ ಏರಿಳಿತಕ್ಕೂ ಗಮಕಕ್ಕೂ ಎಲ್ಲಿಯೂ ಅಡ್ಡಬಾರದೆ, ಅವುಗಳಿಗೆ ನೆಲೆಗಟ್ಟನ್ನು ಮಾತ್ರ ಒದಗಿಸುವ ಈ ಉಪಯೋಗದಲ್ಲಿ ಹಾರ್ಮೋನಿಯಮ್ಮಿನ ದೋಷಗಳೆಲ್ಲ ಅಡಗಿ ಗುಣವೊಂದೇ ಉಳಿಯುತ್ತದೆ.

ನವರಾತ್ರಿಯಲ್ಲಿ ಈ ಸೀಮೆಯ ಮನೆಮನೆಗೆ ಬರುವ ಹೂವಿನಕೋಲಿನ ತಂಡವನ್ನು ಸಮೀಪದಿಂದ ನೋಡಿದರೆ ಈ ಮಾತಿನ ಅರ್ಥ ಸ್ಫುಟವಾಗುತ್ತದೆ. ಚಾವಡಿಯಲ್ಲಿ ಹಾಸಿದ ಚಾಪೆಯ ಮೇಲೆ ಭಾಗವತರು, ಮದ್ದಲೆಯವರು, ಶ್ರುತಿಯವರು. ಎದುರೆದುರಾಗಿ ಕುಳಿತ ಇಬ್ಬರು ಹುಡುಗರ ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಹೂವಿನ ಕೋಲು. ಶ್ರುತಿಯವರು ಪೆಟ್ಟಿಗೆಯ ತಿದಿಯ ಕೊಕ್ಕೆಯನ್ನು ಬಿಚ್ಚಿ ನಾಲ್ಕು ಬಾರಿ ಗಾಳಿ ಹೊಡೆದೊಡನೆ ಮದ್ದಲೆಗಾರರು ಕಿವಿಯನ್ನು ಮುಚ್ಚಿಗೆಯ ಬಳಿಗೊಯ್ದು ಬೆರಳಿನಿಂದ ಮೀಟಿ, ಬಿಗಿಯನ್ನು ಸುತ್ತಿಗೆಯಿಂದ ಏರಿಸಿ, ಎರಡು ನಾದಗಳೂ ಒಂದಾಗುವವರೆಗೆ ಹದಗೊಳಿಸುತ್ತಾರೆ. ಆಮೇಲೆ ಭಾಗವತರ ಕಂಠ. ಅನಂತರವೇ ಹುಡುಗರ ಮಾತು. ಆ ಹುಡುಗರ ಎಳೆಯ ಕಿವಿಗೆ ಸ್ಥಿರವಾದ ಷಡ್ಜವೆಂದರೇನೆಂಬುದನ್ನು ಮೊತ್ತಮೊದಲು ಕಲಿಸುವ ಗುರು ಆ ಹಿತ್ತಾಳೆಯ ನಾಲಗೆ.

ಇದರಿಂದ ಇನ್ನೊಂದು ದೂರಗಾಮಿ ಪರಿಣಾಮವೂ ಉಂಟಾಯಿತು. ಭಾಗವತರ ಸ್ಥಾಯಿಯನ್ನು ಗುರುತಿಸುವ ಮಾನದಂಡವೇ ಹಾರ್ಮೋನಿಯಮ್ಮಿನ ಮನೆಗಳಾದವು. ಇಂಥವರದು ಬಿಳಿ ನಾಲ್ಕು, ಇಂಥವರದು ಕಪ್ಪು ಎರಡು ಎಂದು ಸೌಕೂರು, ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಮೇಳಗಳ ಅಭಿಮಾನಿಗಳು ಚರ್ಚಿಸುವಾಗ, ಅವರ ಕಣ್ಣ ಮುಂದೆ ಇರುವುದು ಆರ್ಗನ್ನಿನಿಂದ ಇಳಿದು ಬಂದ ಕರಿ ಬಿಳಿ ಸಾಲೇ. ನಾರಣಪ್ಪ ಉಪ್ಪೂರರ ಗಾಂಭೀರ್ಯವನ್ನೂ ಗುಂಡ್ಮಿಯ ಕಾಳಿಂಗ ನಾವಡರ ಏರುಶ್ರುತಿಯ ಮಾಧುರ್ಯವನ್ನೂ ಕೇಳಿದ ತಲೆಮಾರು ಅವರ ಕಂಠಗಳ ಎತ್ತರವನ್ನು ನೆನೆಯುವುದೂ ಈ ಅಳತೆಯಿಂದಲೇ. ಮದ್ದಲೆ ಚಂಡೆಗಳನ್ನು ಸಿದ್ಧಪಡಿಸುವವರು ಸಹ ಯಾವ ಶ್ರುತಿಗೆ ಕೂಡಬೇಕೆಂಬುದನ್ನು ಕೇಳಿಕೊಂಡು ಮುಚ್ಚಿಗೆಯನ್ನು ಬಿಗಿಯುತ್ತಾರೆ. ಯಕ್ಷಗಾನದ ಮಹಾ ಸಂಶೋಧಕರಾದ ಕೋಟದ ಶಿವರಾಮ ಕಾರಂತರು ತಮ್ಮ ಪ್ರಯೋಗಗಳಲ್ಲಿ ಪಿಟೀಲು ಸ್ಯಾಕ್ಸೊಫೋನುಗಳನ್ನು ಹಿಮ್ಮೇಳಕ್ಕೆ ಸೇರಿಸಿದರು; ಅದನ್ನು ಕುರಿತು ಪರವಿರೋಧವಾದ ಬಿಸಿ ಚರ್ಚೆಗಳು ನಡೆದವು. ಶ್ರುತಿಪೆಟ್ಟಿಗೆಯಾದರೋ ಅಂಥ ಚರ್ಚೆಗೇ ಎಡೆಗೊಡದಂತೆ ಹಿಮ್ಮೇಳದಲ್ಲಿ ಬೆರೆತುಹೋಗಿದೆ. ಈಚಿನ ದಿನಗಳಲ್ಲಿ ವಿದ್ಯುನ್ಮಾನ ಶ್ರುತಿಪೆಟ್ಟಿಗೆ ಅದರ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿದ್ದರೂ, ಮನೆಗಳ ಲೆಕ್ಕಾಚಾರ ಹಾಗೆಯೇ ಉಳಿದಿದೆ.

ಈ ವಾದ್ಯದ ಮೇಲೆ ಸಂಗೀತಶಾಸ್ತ್ರಜ್ಞರು ಹೊರಿಸಿದ ಆಪಾದನೆಗಳೂ ಸಣ್ಣವಲ್ಲ. ಸಪ್ತಕವನ್ನು ಹನ್ನೆರಡು ಸಮಭಾಗಗಳಾಗಿ ಕತ್ತರಿಸಿದ ಈ ಮನೆಗಳಲ್ಲಿ ಶುದ್ಧವಾದ ಗಾಂಧಾರ ದೊರೆಯದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕ ಸಾಧ್ಯವೇ ಇಲ್ಲ. ಈ ಕೊರತೆಯನ್ನು ನೀಗುವುದಕ್ಕಾಗಿ ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ ಹಾಗೂ ಅಧಿಕಾರಿ ಕ್ಲೆಮೆಂಟ್ಸ್ ಇಬ್ಬರೂ ಕೂಡಿ ಇಪ್ಪತ್ತೆರಡು ಶ್ರುತಿಗಳ ಹಾರ್ಮೋನಿಯಮ್ಮೊಂದನ್ನು ಕಟ್ಟಿಸಿ 1916ರ ಬರೋಡ ಸಂಗೀತ ಪರಿಷತ್ತಿನಲ್ಲಿ ಮಂಡಿಸಿದರೂ ಗಾಯಕರು ಅದನ್ನು ಒಪ್ಪಲಿಲ್ಲ. ರವೀಂದ್ರನಾಥ ಠಾಕೂರರೂ ಆನಂದ ಕುಮಾರಸ್ವಾಮಿಯವರೂ ಈ ವಾದ್ಯವನ್ನು ತೀವ್ರವಾಗಿ ವಿರೋಧಿಸಿದರು. 1940ರ ಮಾರ್ಚ್ 1ರಿಂದ ಆಕಾಶವಾಣಿ ಅದನ್ನು ತನ್ನ ಕೇಂದ್ರಗಳಿಂದ ಬಹಿಷ್ಕರಿಸಿತು; ಆ ನಿಷೇಧ ಸಡಿಲಗೊಳ್ಳತೊಡಗಿದ್ದು 1971ರ ಹೊತ್ತಿಗೆ. ರಾಗಸಂಗೀತದ ದೃಷ್ಟಿಯಿಂದ ಆಕ್ಷೇಪಗಳಲ್ಲಿ ಸತ್ಯಾಂಶ ಉಂಟು. ಆದರೆ ದೋಷವೆಲ್ಲ ಮನೆಯಿಂದ ಮನೆಗೆ ಚಲಿಸುವುದರಲ್ಲಿದೆಯೇ ಹೊರತು ಒಂದೇ ಮನೆಯಲ್ಲಿ ನಿಲ್ಲುವುದರಲ್ಲಿಲ್ಲವೆಂಬುದನ್ನು ಬಡಗುತಿಟ್ಟಿನ ಭಾಗವತರು ಪಂಡಿತರ ವಾದವನ್ನು ಕೇಳದೆಯೇ ಆಚರಣೆಯಲ್ಲಿ ತೋರಿಸಿದರು.

ಪಡುಗಡಲ ತೀರದ ಹವೆ ಈ ವಾದ್ಯಕುಲಕ್ಕೆ ಹಿತವಲ್ಲ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಇಲ್ಲಿ ಜೂನ್ ತಿಂಗಳಲ್ಲಿಯೇ ಮರ ನೀರುಂಡು ಉಬ್ಬಿ ಮನೆಗಳು ಒತ್ತಿದಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಚರ್ಮ ಬೂಷ್ಟು ಹಿಡಿಯುತ್ತದೆ. ಪ್ರಾಣಿಜನ್ಯವಾದ ಸರೇಸು ಮೆತ್ತಗಾಗಿ ಕೀಲುಗಳು ಬಿಡುತ್ತವೆ. ಉಪ್ಪುಗಾಳಿಯಿಂದ ಹಿತ್ತಾಳೆಗೆ ಹಸಿರು ಕಿಲುಬು ಏರಿ ಸ್ವರ ಇಳಿಯುತ್ತದೆ. ಉಣ್ಣೆಯ ಫೆಲ್ಟನ್ನು ನುಸಿ, ಮರವನ್ನು ಒರಲೆ, ತಿದಿಯ ಬಟ್ಟೆಯನ್ನು ಇಲಿ ತಿನ್ನುತ್ತವೆ. ಇಲಿಯ ಕಾಟ ಅಮೆರಿಕದಲ್ಲಿಯೂ ಇದ್ದುದರಿಂದಲೇ ಅಲ್ಲಿನ ನಿರ್ಮಾಪಕರು ಪೆಡಲಿನ ಸುತ್ತ ಲೋಹದ ತಡೆಯನ್ನಿಟ್ಟು, ಇಲಿ ನುಗ್ಗದ ಪೆಡಲೆಂದು ಅದರ ಮೇಲೆ ಅಚ್ಚೊತ್ತಿಸುತ್ತಿದ್ದರು.

ಇಷ್ಟಾದರೂ ಈ ವಾದ್ಯಗಳು ಸುಲಭವಾಗಿ ಸಾಯುವುವಲ್ಲ. ನಾಲಗೆಯೊಂದು ನುಡಿಯದಿದ್ದರೆ ಬಹುತೇಕ ಅದರ ಸೀಳಿನಲ್ಲಿ ಧೂಳಿನ ಎಳೆಯೊಂದು ಸಿಕ್ಕಿರುತ್ತದೆ. ಚಪ್ಪಟೆಯಾದ ಕೊಕ್ಕೆಯಿಂದ ರೀಡನ್ನು ಅದರ ಗೂಡಿನಿಂದ ಎಳೆದು, ಮೆತ್ತನೆಯ ಕುಂಚದಿಂದ ಒರೆಸಿ ಪುನಃ ಅದೇ ಗೂಡಿಗೆ ಸೇರಿಸಿದರೆ ನೂರು ವರ್ಷದ ಹಿಂದಿನ ನಾದ ಹಾಗೆಯೇ ಕೇಳಿಸುತ್ತದೆ. ಕಂಪನಿ ಮುಚ್ಚಿದ ಮೇಲೆ ಯಾರದೋ ಉಪ್ಪರಿಗೆಯನ್ನು ಸೇರಿದ ಕಾಲುಹಾರ್ಮೋನಿಯಂ, ಇಗರ್ಜಿಯ ಗಾಯಕರ ಅಟ್ಟದ ಮೇಲೆ ಬಟ್ಟೆ ಮುಚ್ಚಿಸಿಕೊಂಡ ಆರ್ಗನ್, ತಾತನ ಕಾಲದ ಭಜನೆಯ ಪೆಟ್ಟಿಗೆ ಇವುಗಳಲ್ಲಿ ಯಾವುದೇ ಇರುವವರು ಅದನ್ನು ಗುಜರಿಗೆ ಹಾಕಬಾರದೆಂದು ಕೇಳಿಕೊಳ್ಳಬೇಕಾಗಿದೆ. ಮನೆಗಳ ಮೇಲಿನ ಫಲಕದಲ್ಲಿ ನಿರ್ಮಾಪಕರ ಹೆಸರೂ, ಹಿಂಬದಿಯಲ್ಲಿಯೋ ಒಳಗಿನ ಹಲಗೆಯಲ್ಲಿಯೋ ಕ್ರಮಸಂಖ್ಯೆಯೂ ಇರುತ್ತವೆ; ಎರಡನ್ನೂ ಬರೆದಿಟ್ಟುಕೊಂಡರೆ ವಾದ್ಯದ ವಯಸ್ಸನ್ನು ಕಂಡುಹಿಡಿಯಬಹುದು. ತಿದಿಯನ್ನು ದುರಸ್ತು ಮಾಡಿಸುವವರು ಮತ್ತೆ ಬಿಚ್ಚಲು ಬಾರದ ಇಂದಿನ ಅಂಟುಗಳನ್ನು ಬಿಟ್ಟು ಬಿಸಿ ಸರೇಸನ್ನೇ ಬಳಸಿಸಬೇಕು, ನಾಲಗೆಗಳಿಗೆ ಅರವನ್ನು ತಾಗಿಸಗೊಡಬಾರದು. ಗೋಡೆಯಿಂದ ಒಂದು ಗೇಣು ದೂರಕ್ಕೆ, ಮಣೆಯ ಮೇಲಿಟ್ಟು, ಮಳೆಗಾಲದಲ್ಲಿಯೂ ವಾರಕ್ಕೊಮ್ಮೆಯಾದರೂ ಎಲ್ಲ ಮನೆಗಳನ್ನೂ ನುಡಿಸುತ್ತಿರಬೇಕು.